ಆರ್ಟ್ ಅದ, ಸುಮ್ನ ಕೂಡ್ರಿ

ಮೇ ತಿಂಗಳಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಕಲಬುರಗಿಯಲ್ಲಿ ಕಿರುಚಿತ್ರ ತೋರಿಸೋಣ ಅಂದವನು ನಾನೇ. ಬೇರೆ ಯಾರನ್ನೂ ಬೈಯುವ ಹಾಗಿಲ್ಲ. ಹೊರಗೆ 42 ಡಿಗ್ರಿ. ಹಾಲ್‌ಗೆ ಆರು ಕಿಟಕಿ, ಪರದೆ ಎರಡಕ್ಕೆ ಮಾತ್ರ. ಪ್ರೊಜೆಕ್ಟರ್ ಹಚ್ಚಿದರೆ ಗೋಡೆ ಮೇಲೆ ಸಿನಿಮಾಕ್ಕಿಂತ ಬಿಸಿಲೇ ಜಾಸ್ತಿ. ಕೊನೆಗೆ ಅಕ್ಕಪಕ್ಕದ ಮನೆಗಳಿಂದ ನಾಲ್ಕು ಕೌದಿ ತಂದು ಕಟ್ಟಿದೆವು. ಕತ್ತಲಾಯಿತು. ಗಾಳಿಯೂ ನಿಂತಿತು.

ರಾತ್ರಿ ರೈಲಿಗೆ ಬೆಂಗಳೂರಿಂದ ಬಂದಿದ್ದ ಅತಿಥಿ ನಿರ್ದೇಶಕರು ಕತ್ತು ಒರೆಸಿಕೊಳ್ಳುತ್ತಲೇ ಕಿರುಚಿತ್ರ ಅಂದರೇನು ಅಂತ ಹೇಳಿದರು. ಆಸ್ಕರ್ ಲೆಕ್ಕದಲ್ಲಿ ಕೊನೆಗೆ ಬರುವ ಹೆಸರುಗಳೂ ಸೇರಿ 40 ನಿಮಿಷ ದಾಟಬಾರದು. ಮುಂದಿನ ಸಾಲಿನ ಕಾಕಾ ಒಬ್ಬರು, "ನಲವತ್ತು ನಿಮಿಷದಾಗ ನಾ ಶಹಾಬಾದ್ ಮುಟ್ತೀನ್ರಿ. ಅದು ಕಿರು ಹ್ಯಾಂಗಾತು?" ಅಂದರು. ನಿರ್ದೇಶಕರು ನೀರು ಕುಡಿದರು.

ಲ್ಯಾಪ್‌ಟಾಪ್ ನನ್ನದು. ಹಾಗಾಗಿ ಸಿನಿಮಾ ಹಾಕುವವನೂ ನಾನೇ, ಆಮೇಲೆ ಅವನ್ನು ತೆಗೆದ ಹುಡುಗರನ್ನು ಮಾತಾಡಿಸುವವನೂ ನಾನೇ. ಮೂರನೆಯದು ತೊಗರಿ ಸಿನಿಮಾ. (2019ರಲ್ಲಿ ನಮ್ಮ ತೊಗರಿಗೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದ ಮೇಲೆ ಇಲ್ಲಿ ಯಾರು ಕ್ಯಾಮೆರಾ ಹಿಡಿದರೂ ಮೊದಲು ತೊಗರಿಯೇ ಬೀಳುತ್ತದೆ.) ಅಜ್ಜಿ ಬೀಸುಕಲ್ಲಿನಲ್ಲಿ ಬೇಳೆ ಒಡೆಯುತ್ತಾಳೆ, ಮಗನ ಫೋನಿಗೆ ಕಾಯುತ್ತಾಳೆ. ಅಷ್ಟೇ, 11 ನಿಮಿಷ. ಹುಡುಗ ಚೆನ್ನಾಗಿಯೇ ತೆಗೆದಿದ್ದ.

ಅಷ್ಟರಲ್ಲಿ ಮಿರ್ಚಿ ಭಜಿ ಬಂತು. ಕತ್ತಲಲ್ಲಿ ಬಗ್ಗಿ ಒಂದು ತೆಗೆದುಕೊಂಡೆ. ಪರದೆ ಮೇಲೆ ಅಜ್ಜಿಯ ಕೈ ಬೀಸುಕಲ್ಲಿನ ಗೂಟದ ಮೇಲೆ ನಿಂತಿತು. ಸದ್ದಿಲ್ಲ. ಆಹಾ, ಫೋನ್ ಬಂತೇನೋ ಅಂದುಕೊಂಡು ತಿನ್ನುತ್ತಾ ಕೂತೆ. ಕೈ ಕದಲಲಿಲ್ಲ. ಹಾಲ್ ಎಲ್ಲಾ ಉಸಿರು ಹಿಡಿದಿತ್ತು.

"ಕರೆಂಟ್ ಹೋತೇನ್ರಿ?" ಕಾಕಾ ಕೇಳಿದರು.

"ಆರ್ಟ್ ಅದ ಕಾಕಾ, ಸುಮ್ನ ಕೂಡ್ರಿ," ಹಿಂದಿನಿಂದ ಯಾರೋ ಗದರಿದರು.

ಕೈ ಒರೆಸಿಕೊಂಡು ಮೌಸ್ ಮುಟ್ಟಿದೆ. 6 ನಿಮಿಷ 14 ಸೆಕೆಂಡಿಗೆ ಸಿನಿಮಾ ನಿಂತಿದೆ! ಬಗ್ಗಿದಾಗ ನನ್ನ ಮೊಳಕೈ ಸ್ಪೇಸ್ ಬಾರ್ ಒತ್ತಿತ್ತು. ಕಳ್ಳನ ಹಾಗೆ ಮತ್ತೆ ಒತ್ತಿದೆ. ಬೀಸುಕಲ್ಲು ತಿರುಗಿತು. ಚಪ್ಪಾಳೆಯೋ ಚಪ್ಪಾಳೆ.

ಆಮೇಲೆ ಮಾತುಕತೆ. ನಾನು ಬಜೆಟ್ ಎಷ್ಟು, ಅಜ್ಜಿ ಯಾರು ಅಂತ ಸುತ್ತಿಬಳಸಿ ಕೇಳುತ್ತಿದ್ದೆ. ನಿರ್ದೇಶಕರು ಮೈಕ್ ಕಸಿದುಕೊಂಡರು. "ಆ ಎರಡು ನಿಮಿಷ ಕೈ ನಿಲ್ಲಿಸಿದ್ದೀಯಲ್ಲಪ್ಪ, ಅಷ್ಟು ಧೈರ್ಯ ನನಗೂ ಇಲ್ಲ. ಹೇಗೆ ಹೊಳೀತು?"

ಹುಡುಗ ನನ್ನ ಕಡೆ ನೋಡಿದ. ನಾನು ಸೀಲಿಂಗ್ ಫ್ಯಾನ್ ನೋಡಿದೆ.

"ನಮ್ಮ ಕಡಿ ಮಧ್ಯಾಹ್ನ ಹಂಗೇ ಇರ್ತದ ಸರ್," ಅಂದ ಹುಡುಗ. "ಏನೂ ಅಳ್ಳಾಡಂಗಿಲ್ಲ."

ಮತ್ತೆ ಚಪ್ಪಾಳೆ. ಕಾಕಾ ಕೂಡ ತಟ್ಟಿದರು.

ಮರುದಿನ ಬೆಳಿಗ್ಗೆ ಎಂಟಕ್ಕೇ ಹುಡುಗನ ಫೋನ್. ಬೈಯುತ್ತಾನೆ ಅಂದುಕೊಂಡೇ ಎತ್ತಿದೆ. "ಸರ್, ಎಡಿಟಿಂಗಿಗೆ ಕೂತೀನ್ರಿ. ಸೆಕೆಂಡಿಗೆ 24 ಫ್ರೇಮ್, ಎರಡು ನಿಮಿಷಕ್ಕ 2,880 ಆಗ್ತಾವ. ಖರೇನೇ ಎರಡು ನಿಮಿಷ ನಿಂತಿತ್ತೇನ್ರಿ? ಕರೆಕ್ಟ್ ಹೇಳ್ರಿ."

ಯೋಚನೆ ಮಾಡಿ ಹೇಳಿದೆ: "ಒಂದು ಮಿರ್ಚಿ ತಿನ್ನೋವಷ್ಟು. ಸ್ವಲ್ಪ ಬಿಸಿ ಇತ್ತು."