ಕೆಂಪು ಪೆನ್ನಿನ ಗುರುತು, ಮೂರು ಲೀಟರ್ ಕರಿ ಆಯಿಲ್

ಕಾರಿನ ಆಯಿಲ್ ಮನೆಯಲ್ಲೇ ಬದಲಾಯಿಸಿದರೆ ದುಡ್ಡು ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಈ ಸಲ ನಮ್ಮ ಕಾಸರಗೋಡಿನ ಉಪ್ಪಳದ ಅಂಗಡಿಯಲ್ಲಿ ಆಯಿಲ್, ಫಿಲ್ಟರ್, ಬೋಲ್ಟಿನ ವಾಶರ್ ಎಲ್ಲ ಸೇರಿ ನನಗೆ ₹1500ರ ಹತ್ತಿರ ಆಯಿತು. ವರ್ಕ್‌ಶಾಪಿಗೆ ಕೊಟ್ಟಿದ್ದರೆ ಅದರ ಮೇಲೆ ₹250 ಕೂಲಿ. ಅಷ್ಟಕ್ಕೋಸ್ಕರ ಅಂಗಳದಲ್ಲಿ ಅಂಗಾತ ಮಲಗಿ, ಮೊಣಕೈವರೆಗೆ ಕರಿ ಮಾಡಿಕೊಂಡು, ಮನೆಯವಳಿಂದ ಬೈಸಿಕೊಳ್ಳುವುದು ಯಾಕೆ? ಆದರೂ ನಾಲ್ಕು ವರ್ಷದಿಂದ ನನ್ನ ಗಾಡಿಯ ಆಯಿಲ್ ನಾನೇ ಬದಲಾಯಿಸುತ್ತಿದ್ದೇನೆ. ಅದಕ್ಕೆ ಕಾರಣ ಒಂದು ಕೆಂಪು ಪೆನ್ನು.

ನಾನು ಶಾಲೆ ಮಾಷ್ಟ್ರು. ಕಿಸೆಯಲ್ಲಿ ಕೆಂಪು ಪೆನ್ನು ಇದ್ದೇ ಇರುತ್ತದೆ. ಒಮ್ಮೆ ಗಾಡಿ ಸರ್ವಿಸಿಗೆ ಕೊಡುವ ಹಿಂದಿನ ದಿನ ಸುಮ್ನೆ ಬಾನೆಟ್ ಎತ್ತಿ, ಏರ್ ಫಿಲ್ಟರ್ ಪೆಟ್ಟಿಗೆಯ ಕ್ಲಿಪ್ ಬಿಚ್ಚಿ ನೋಡಿದೆ. ಫಿಲ್ಟರಿನ ಮಡಿಕೆಗಳಲ್ಲಿ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ಮೂಲೆಯಲ್ಲಿ ಅಡಕೆ ಸಿಪ್ಪೆಯ ನಾರು ಬೇರೆ. ಇಲಿ ಗೂಡು ಕಟ್ಟಲು ಹೊರಟಿತ್ತು ಅಂತ ಕಾಣುತ್ತದೆ. ನೋಡಿದ ಕೂಡಲೇ ಕೈ ಸುಮ್ಮನಿರಲಿಲ್ಲ. ಫಿಲ್ಟರಿನ ಅಂಚಿಗೆ ಕೆಂಪು ಪೆನ್ನಲ್ಲಿ ಒಂದು ತಪ್ಪು ಗುರುತು ಎಳೆದೆ. ಯಾರನ್ನೂ ಪರೀಕ್ಷೆ ಮಾಡುವ ಉದ್ದೇಶ ಇರಲಿಲ್ಲ. ಅಭ್ಯಾಸ, ಅಷ್ಟೇ.

ಮರುದಿನ ಸಂಜೆ ಬಿಲ್ ಬಂತು. ಅದರಲ್ಲಿ 'ಏರ್ ಫಿಲ್ಟರ್ ಹೊಸತು' ಅಂತ ಒಂದು ಸಾಲು ಇತ್ತು. ಮನೆಗೆ ಬಂದು ಪೆಟ್ಟಿಗೆ ತೆರೆದರೆ ನನ್ನ ತಪ್ಪು ಗುರುತು ಹಾಗೇ ಕೂತು ನನ್ನನ್ನೇ ನೋಡುತ್ತಿತ್ತು. ಧೂಳು ಕೊಡವಿದ್ದರು ಅನ್ನುವುದನ್ನು ಒಪ್ಪಬೇಕು. ಫೋನ್ ಮಾಡಿದರೆ, "ಹುಡುಗರು ಮರೆತಿರಬೇಕು ಸರ್, ಮುಂದಿನ ಸಲ ಅಡ್ಜಸ್ಟ್ ಮಾಡುವ" ಅಂದರು. ಆ ಮುಂದಿನ ಸಲ ನಾನು ಹೋಗಲಿಲ್ಲ.

ಎಲ್ಲ ಸರ್ವಿಸ್ ಸೆಂಟರಿನವರೂ ಹೀಗೆ ಅಂತ ಹೇಳುವುದಿಲ್ಲ. ಅಲ್ಲಿನ ಹುಡುಗರಿಗೆ ದಿನಕ್ಕೆ ಇಷ್ಟು ಗಾಡಿ ಮುಗಿಸಬೇಕು ಅಂತ ಇರುತ್ತದೆ. ನನಗೆ ಸಿಟ್ಟು ಬಂದದ್ದು ಹೆಚ್ಚಾಗಿ ನನ್ನ ಮೇಲೆಯೇ. ಅಷ್ಟು ವರ್ಷ ಗಾಡಿ ಓಡಿಸಿದ್ದೇನೆ, ಆ ಪೆಟ್ಟಿಗೆ ತೆರೆದದ್ದು ಅದೇ ಮೊದಲು. ಆಯುಧ ಪೂಜೆಗೆ ಬಾನೆಟ್ ಮೇಲೆ ಗಂಧ ಹಚ್ಚುತ್ತೇವೆ, ಹೂ ಹಾಕುತ್ತೇವೆ, ಚಕ್ರಕ್ಕೆ ನಿಂಬೆಹಣ್ಣು ಇಡುತ್ತೇವೆ. ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆದು ಆಯಿಲ್ ಎಷ್ಟಿದೆ ಅಂತ ನೋಡುವವರು ನಮ್ಮ ಬೈಲಿನಲ್ಲಿ ಎಷ್ಟು ಜನ ಇದ್ದಾರೆ? ನಾನಂತೂ ಇರಲಿಲ್ಲ.

ಹಾಗೆ ಹಟ ಹಿಡಿದು ಶುರು ಮಾಡಿದ ಮೊದಲ ಆಯಿಲ್ ಚೇಂಜಿನ ಕಥೆ ಹೇಳಲೇಬೇಕು. ಮರ್ಯಾದೆ ಹೋದರೂ ಪರವಾಗಿಲ್ಲ.

ನಾಲ್ಕು ವಿಡಿಯೋ ನೋಡಿ ಧೈರ್ಯ ಬಂದಿತ್ತು. ಇಂಜಿನ್ ಐದು ನಿಮಿಷ ಓಡಿಸಿ ಬಿಸಿ ಮಾಡಿದೆ. ಕೆಳಗೆ ನುಗ್ಗಿದೆ. ಒಂದು ಬೋಲ್ಟ್ ಕಂಡಿತು, ಬಿಚ್ಚಿದೆ. ಆಯಿಲ್ ಬಂತು. ನೋಡಿದರೆ ಜೇನಿನ ಬಣ್ಣ! ಒಂದು ವರ್ಷ ಓಡಿದ ಆಯಿಲ್ ಇಷ್ಟು ಚೆಂದ ಉಂಟಲ್ಲ, ಸುಮ್ನೆ ಬದಲಾಯಿಸಿದೆನಲ್ಲ ಅಂತ ಬೇಸರವೇ ಆಯಿತು. ಒಂಥರಾ ಗಂಧಕದ ವಾಸನೆಯೂ ಇತ್ತು. ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಬೋಲ್ಟ್ ಬಿಗಿದು, ಹೊಸ ಆಯಿಲಿನ ಕ್ಯಾನ್ ಮುಚ್ಚಳ ತೆಗೆಯುವಷ್ಟರಲ್ಲಿ ರಸ್ತೆಯಲ್ಲಿ ಸ್ಕೂಟರ್ ನಿಂತಿತು. ನಮ್ಮ ಕಡೆ ಗಾಡಿ ರಿಪೇರಿ ಮಾಡುವವರು, ನಾವೆಲ್ಲ ಇಚ್ಚ ಅಂತಲೇ ಕರೆಯುವುದು. ಅಂಗಳಕ್ಕೆ ಬಂದು ಬೋಗುಣಿ ನೋಡಿದರು. ಬೆರಳು ಅದ್ದಿ ಮೂಸಿದರು.

"ಎಂತ ಮಾಷ್ಟ್ರೇ ಮಾಡಿದ್ದು ನೀವು? ಇದು ಗೇರ್ ಆಯಿಲ್ ಅಲ್ವಾ? ಇಂಜಿನಿದ್ದು ಆಚೆ ಉಂಟು."

ನಾನು ಬಿಚ್ಚಿದ್ದು ಗೇರ್ ಬಾಕ್ಸಿನ ಬೋಲ್ಟ್. ಇಚ್ಚ ಹತ್ತು ನಿಮಿಷ ತಡವಾಗಿ ಬಂದಿದ್ದರೆ ಇಂಜಿನಿನಲ್ಲಿ ಎರಡು ಪಾಲು ಆಯಿಲ್ ಇರುತ್ತಿತ್ತು, ಗೇರ್ ಬಾಕ್ಸಿನಲ್ಲಿ ಒಂದು ತೊಟ್ಟೂ ಇರುತ್ತಿರಲಿಲ್ಲ. ಆಮೇಲೆ ಹೊಸ ಗೇರ್ ಆಯಿಲ್ ತಂದು, ಉದ್ದದ ಪೈಪಿಗೆ ಲಾಳಿಕೆ ಸಿಕ್ಕಿಸಿ, ಗೇರ್ ಬಾಕ್ಸಿನ ಪಕ್ಕದ ತೂತಿನಿಂದ ಹೊರಗೆ ಹರಿಯುವ ತನಕ ಇಚ್ಚನೇ ತುಂಬಿಸಿ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಆ ಕಥೆ ಮಾತ್ರ ಒಂದು ವಾರದಲ್ಲಿ ಬಾಯಾರಿನಿಂದ ಪೈವಳಿಕೆಯವರೆಗೆ ಹೋಗಿತ್ತು. ನಮ್ಮದು ಸಪ್ತಭಾಷೆಯ ನಾಡು ನೋಡಿ. ಒಂದು ಕಥೆಗೆ ಏಳು ದಾರಿ.

ಅಂದು ಇಚ್ಚ ಕಲಿಸಿದ ಒಂದು ಮಾತು ಯಾವ ವಿಡಿಯೋದಲ್ಲೂ ನನಗೆ ಸಿಕ್ಕಿರಲಿಲ್ಲ. ಹಳೆ ಆಯಿಲ್ ಇಳಿಸಿದ ಮೇಲೆ, ಹೊಸತು ಹಾಕುವ ಮೊದಲು, ಡಿಪ್‌ಸ್ಟಿಕ್ ಒರೆಸಿ ಇನ್ನೊಮ್ಮೆ ಅದ್ದಿ ನೋಡಬೇಕು. ಅದರ ಗುರುತಿನವರೆಗೆ ಇನ್ನೂ ಆಯಿಲ್ ಕಾಣುತ್ತಿದ್ದರೆ ನೀವು ಬಿಚ್ಚಿದ್ದು ಬೇರೆ ಯಾವುದೋ ಬೋಲ್ಟ್.

ಇನ್ನೊಂದು ಮಾತು ನಮ್ಮ ಊರಿನವರಿಗೇ ಹೇಳಬೇಕಾದದ್ದು. ಮನೆ ಸುತ್ತ ಮುರಕಲ್ಲು, ಅಂದರೆ ಗೋಡೆ ಕಟ್ಟುವ ಕೆಂಪು ಕಲ್ಲು, ರಾಶಿ ಬಿದ್ದಿರುತ್ತದೆ. ಜ್ಯಾಕ್ ಎತ್ತಿ, ಅಡಿಗೆ ಎರಡು ಮುರಕಲ್ಲು ಕೊಟ್ಟು ಕೆಳಗೆ ನುಗ್ಗುವವರನ್ನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮುರಕಲ್ಲು ಗೋಡೆಗೆ ಸರಿ, ಅಲ್ಲಿ ಭಾರ ಇಡೀ ಕಲ್ಲಿಗೆ ಹಂಚಿ ಹೋಗುತ್ತದೆ. ಕಾರಿನ ಅಡಿಯ ಕಬ್ಬಿಣ ಕಲ್ಲಿನ ಒಂದೇ ಕಡೆ ಒತ್ತುತ್ತದೆ. ಆಗ ಕಲ್ಲು ಹೇಳದೆ ಕೇಳದೆ ಪುಡಿಯಾಗಬಹುದು. ಗಾಡಿಯ ಜೊತೆ ಬರುವ ಜ್ಯಾಕ್ ಟಯರ್ ಬದಲಾಯಿಸಲು ಇರುವುದು, ಅದನ್ನು ನಂಬಿ ಅಡಿಗೆ ಹೋಗುವುದಕ್ಕಲ್ಲ. ನಾನು ಹಳೆ ಮನೆ ಬಿಚ್ಚಿದಾಗ ಉಳಿದ ದಪ್ಪ ಹಲಗೆಗಳನ್ನು ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಬಡಿದು ಎರಡು ರ‍್ಯಾಂಪ್ ಮಾಡಿಕೊಂಡಿದ್ದೇನೆ. ಮುಂದಿನ ಚಕ್ರ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಇಟ್ಟು, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟರೆ ಆರಾಮ. ಎಲ್ಲವೂ ಸಮತಟ್ಟು ನೆಲದ ಮೇಲೆ. ನಮ್ಮ ಗುಡ್ಡೆ ಊರಿನಲ್ಲಿ ಆ ಸಮತಟ್ಟು ಸಿಗುವುದು ಅಡಕೆ ಒಣಗಿಸುವ ಅಂಗಳದಲ್ಲಿ ಮಾತ್ರ. ಹಾಗಾಗಿ ಅಡಕೆ ಹರಡುವ ಮೊದಲೇ ಕೆಲಸ ಮುಗಿಸಬೇಕು. ಮುಗಿಸದಿದ್ದರೆ ಅಪ್ಪ ಬಿಡುವುದಿಲ್ಲ.

ಉಳಿದದ್ದು ದೊಡ್ಡ ವಿದ್ಯೆ ಏನೂ ಅಲ್ಲ. ಹಳೆ ಫಿಲ್ಟರ್ ತೆಗೆದಾಗ ಅದರ ರಬ್ಬರ್ ಉಂಗುರ ಇಂಜಿನಿಗೇ ಅಂಟಿ ಉಳಿದಿದೆಯಾ ನೋಡಿ. ಉಳಿದಿದ್ದರೆ ಹೊಸತು ಸರಿಯಾಗಿ ಕೂರುವುದಿಲ್ಲ, ಆಯಿಲ್ ಎಲ್ಲ ಹೊರಗೆ. ಹೊಸ ಉಂಗುರಕ್ಕೆ ಸ್ವಲ್ಪ ಆಯಿಲ್ ಸವರಿ ಕೈಯಲ್ಲೇ ಬಿಗಿಯಿರಿ. ಉಂಗುರ ತಾಗಿದ ಮೇಲೆ ಮುಕ್ಕಾಲು ಸುತ್ತು ಸಾಕು. ಬೋಲ್ಟಿಗೂ ಅಷ್ಟೇ, ಭೀಮನ ಬಲ ಬೇಡ, ಮರೆ, ಅಂದರೆ ಥ್ರೆಡ್, ಹೋದರೆ ಆಯಿಲ್ ನಿಲ್ಲುವ ಇಡೀ ಚೇಂಬರೇ ಬದಲಾಯಿಸಬೇಕಾದೀತು. ಎಷ್ಟು ಲೀಟರ್ ಅಂತ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಪೂರ್ತಿ ಒಮ್ಮೆಲೇ ಸುರಿಯದೆ, ಕೊನೆಯ ಅರ್ಧ ಲೀಟರ್ ನೋಡಿ ನೋಡಿ ಹಾಕಿ. ಜಾಸ್ತಿ ಆದರೆ ಒಳಗೆ ತಿರುಗುವ ಕ್ರ್ಯಾಂಕಿಗೆ ಸಿಕ್ಕಿ ನೊರೆ ಬರುತ್ತದೆ, ನೊರೆಗೆ ಇಂಜಿನ್ ಕಾಯುವ ಶಕ್ತಿ ಇಲ್ಲ.

ಆಯಿಲ್ ವಿಷಯದಲ್ಲಿ ನಮ್ಮಲ್ಲಿ ಒಂದು ಹಳೆ ನಂಬಿಕೆ ಉಂಟು. ದಪ್ಪ ಇದ್ದಷ್ಟು ಒಳ್ಳೆಯದು ಅಂತ. ಅಪ್ಪ ಇವತ್ತಿಗೂ ಎರಡು ಬೆರಳ ನಡುವೆ ಉಜ್ಜಿ, "ಇದು ನೀರಾಯಿತು ಮಾರಾಯ" ಅನ್ನುತ್ತಾರೆ. ಅವರ ಜೀಪಿನ ಕಾಲಕ್ಕೆ ಅದು ಸರಿ ಇರಬಹುದು. ಈಗಿನ ಇಂಜಿನಿನ ಒಳಗಿನ ಸಂದುಗಳು ಸಣ್ಣವು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಮೇಲಕ್ಕೆ ಹತ್ತಬೇಕು. 5ಡಬ್ಲ್ಯು-30 ಅಂತ ಬರೆದಿದ್ದರೆ ಮೊದಲ ಅಂಕಿ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ, ಎರಡನೆಯದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದಕ್ಕೆ. ಪುಸ್ತಕದಲ್ಲಿ ಏನು ಬರೆದಿದೆಯೋ ಅದನ್ನೇ ಹಾಕಿ. ಅಂಗಡಿಯವನು "ಇದು ಅದಕ್ಕಿಂತ ಪವರ್" ಅಂದರೆ ನಕ್ಕು ಬನ್ನಿ. ಆಯಿಲ್ ಕಪ್ಪಾಯಿತು ಅಂತ ಗಾಬರಿಯೂ ಬೇಡ. ಇಂಜಿನಿನ ಮಸಿಯನ್ನು ಹಿಡಿದಿಟ್ಟುಕೊಳ್ಳುವುದೂ ಅದರ ಕೆಲಸವೇ.

ಹೆಚ್ಚಿನ ಪೆಟ್ರೋಲ್ ಕಾರಿನ ಪುಸ್ತಕದಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ ಅಂತ ಇರುತ್ತದೆ. 'ಯಾವುದು ಮೊದಲೋ ಅದು' ಅನ್ನುವುದನ್ನು ನಾವು ಓದುವುದಿಲ್ಲ. ನನ್ನ ಶಾಲೆ ಮನೆಯಿಂದ ಆರು ಕಿಲೋಮೀಟರ್. ಇಂಜಿನ್ ಸರಿಯಾಗಿ ಬಿಸಿಯಾಗುವ ಹೊತ್ತಿಗೆ ಗೇಟು ಬಂದಿರುತ್ತದೆ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಆಗುತ್ತದೆ. ಆ ನೀರು, ಉರಿಯದ ಪೆಟ್ರೋಲಿನ ಅಂಶ ಎಲ್ಲ ಆಯಿಲಿಗೆ ಇಳಿಯುತ್ತದೆ. ದೂರ ಓಡಿದರೆ ಬಿಸಿಗೆ ಆರಿ ಹೋಗುತ್ತದೆ, ಆರು ಕಿಲೋಮೀಟರಿಗೆ ಆರುವುದಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಮಾತ್ರ ಓಡಿದ್ದು ಅಂತ ಹೆಮ್ಮೆ ಪಡುವ ಮಾಷ್ಟ್ರ ಗಾಡಿಗಿಂತ ದಿನಾ ಮಂಗಳೂರಿಗೆ ಹೋಗಿ ಬರುವ ಟ್ಯಾಕ್ಸಿಯ ಆಯಿಲ್ ಒಳ್ಳೆ ಸ್ಥಿತಿಯಲ್ಲಿ ಇದ್ದರೂ ಇರಬಹುದು.

ಮಂಗಳೂರು ಅಂದ ಮೇಲೆ ಹೇಳುತ್ತೇನೆ. ನಮ್ಮ ಗಾಡಿಗೆ ಕೇರಳದ ಕೆಎಲ್ 14 ನಂಬರ್ ಇದ್ದರೂ ಆಸ್ಪತ್ರೆ ಅಂದರೆ ನಮಗೆ ಮಂಗಳೂರೇ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಅದು ಎಷ್ಟು ದೂರ ಅಂತ ಗೊತ್ತಾಯಿತು. ಈಗ ರಸ್ತೆ ತೆರೆದಿದೆ. ರಾತ್ರಿ ಎರಡು ಗಂಟೆಗೆ ಅಮ್ಮನಿಗೆ ಎದೆನೋವು ಅಂದರೆ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು, ಗಡಿಯ ತಲಪಾಡಿ ದಾಟುವಾಗ ಟೆಂಪರೇಚರ್ ಲೈಟ್ ಹತ್ತಬಾರದು. ನನ್ನ ಪಾಲಿಗೆ ಮೇಂಟೆನೆನ್ಸ್ ಅಂದರೆ ಇಷ್ಟೇ.

ಹಾಗಾಗಿ ಪತ್ತನಾಜೆ, ಅಂದರೆ ಮಳೆಗಾಲದ ಮೊದಲು ಭೂತಕೋಲಗಳು ಮುಗಿಯುವ ದಿನ, ಬರುವಾಗ ನನ್ನದೊಂದು ಕ್ರಮ ಉಂಟು. ಭೂತಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಾನು ವೈಪರ್ ಬಿಚ್ಚುತ್ತೇನೆ. ಬೇಸಿಗೆಯ ಬಿಸಿಲಿಗೆ ರಬ್ಬರ್ ಸೆಟೆದಿರುತ್ತದೆ, ಮೊದಲ ಮಳೆಗೇ ಗಾಜಿನ ಮೇಲೆ ಗೆರೆ ಎಳೆಯುತ್ತದೆ. ಗಾಜಿನ ಬುಡದಲ್ಲಿ ಹಲಸು, ಗೇರು ಎಲೆ ತುಂಬಿ ನೀರು ಹೋಗುವ ತೂತು ಕಟ್ಟಿರುತ್ತದೆ. ಅದನ್ನು ಬಿಡಿಸದಿದ್ದರೆ ಜೂನ್‌ನಲ್ಲಿ ಕಾಲಡಿಯ ಮ್ಯಾಟ್ ಒದ್ದೆ. ಟಯರಿನ ಗೀರಿನ ಆಳ ಸವೆದು 1.6 ಮಿಲಿಮೀಟರಿಗಿಂತ ಕಡಿಮೆ ಆದರೆ ಕಾನೂನು ಪ್ರಕಾರವೇ ಓಡಿಸುವಂತಿಲ್ಲ. ನಮ್ಮ ಮಳೆಗೆ, ನಮ್ಮ ತಿರುವುಗಳಿಗೆ ಅಲ್ಲಿಯವರೆಗೂ ಕಾಯಬೇಡಿ. ಇಂಜಿನ್ ತಂಪು ಮಾಡುವ ಕೂಲಂಟನ್ನು ಗಾಡಿ ತಣ್ಣಗಿರುವಾಗ ನೋಡಿ. ಕಡಿಮೆ ಆದರೆ ಬಾವಿ ನೀರು ಹೊಯ್ಯುವವರು ಜಾಸ್ತಿ, ಒಳಗೆ ತುಕ್ಕು ಹಿಡಿಯುವುದು ಹಾಗೆಯೇ.

ಬ್ರೇಕ್ ಮಾತ್ರ ನಾನು ಮುಟ್ಟುವುದಿಲ್ಲ. ಅದು ಇಚ್ಚನ ಕೆಲಸ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ನಮ್ಮ ಊರಿನಲ್ಲಿ ತೇವಕ್ಕೆ ಬರ ಇಲ್ಲ. ಎರಡು ವರ್ಷಕ್ಕೊಮ್ಮೆ ಅವರ ಹತ್ತಿರವೇ ಮಾಡಿಸುತ್ತೇನೆ. ವಾರಂಟಿ ಇರುವ ಹೊಸ ಗಾಡಿಯವರು ಕಂಪೆನಿಯಲ್ಲೇ ಮಾಡಿಸಿ, ಬಿಲ್ ಇಟ್ಟುಕೊಳ್ಳಿ. ಕೆಂಪು ಪೆನ್ನೂ ಇಟ್ಟುಕೊಳ್ಳಿ.

ಈಗ ನಿಜವಾದ ವಿಷಯ. ಮೊದಲ ಸಲ ಎಲ್ಲ ಮುಗಿದು ನಾನು ಕೈ ತೊಳೆಯುವಾಗ ಮನೆಯವಳು ಬೋಗುಣಿ ತೋರಿಸಿ ಕೇಳಿದಳು, "ಇದನ್ನು ಎಲ್ಲಿ ಚೆಲ್ಲುತ್ತೀರಿ?"

ಮೂರು ಲೀಟರ್ ಕರಿ ಆಯಿಲ್. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪನ ಹತ್ತಿರ ಇತ್ತು. ಹಟ್ಟಿಯ ಮರಕ್ಕೆ ಬಳಿದರೆ ಒರಲೆ ಹಿಡಿಯುವುದಿಲ್ಲ, ಉಳಿದದ್ದನ್ನು ಗುಡ್ಡೆಯಲ್ಲಿ ಗುಂಡಿ ತೋಡಿ ಹೊಯ್ಯಿ ಅಂದರು. ಹಿಂದಿನಿಂದಲೂ ಎಲ್ಲರೂ ಮಾಡಿದ್ದು ಅದೇ. ಆದರೆ ಆ ಗುಡ್ಡೆಯ ಹೊಟ್ಟೆಯಲ್ಲೇ ನಮ್ಮ ಸುರಂಗ ಇರುವುದು. ಅಜ್ಜನ ಕಾಲದಲ್ಲಿ ಮುರಕಲ್ಲು ಕೊರೆದು ಮಾಡಿದ್ದು. ಬಗ್ಗಿಕೊಂಡು ಒಳಗೆ ಹೋದರೆ ಗೋಡೆಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತದೆ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಟ್ಯಾಂಕಿಗೆ ಬರುತ್ತದೆ. ಮೇಲೆ ಬಿದ್ದ ಮಳೆಯನ್ನು ಹೀರಿ ಕೆಳಗೆ ಕೊಡುವ ಕಲ್ಲು ಅದು. ಮೇಲೆ ಹೊಯ್ದ ಆಯಿಲನ್ನು ಮಾತ್ರ ತಡೆದು ನಿಲ್ಲಿಸುತ್ತದೆ ಅಂತ ಯಾವ ಧೈರ್ಯದಲ್ಲಿ ನಂಬುವುದು? ಬಳಸಿದ ಆಯಿಲಿನಲ್ಲಿ ಇಂಜಿನ್ ಸವೆದ ಲೋಹದ ಪುಡಿ ಇರುತ್ತದೆ, ಉರಿದು ಉಳಿದ ಕೊಳೆ ಇರುತ್ತದೆ. 2016ರ ಕೇಂದ್ರ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯ.

ನಿಯಮ ಬಿಡಿ. ನಮ್ಮ ಪಕ್ಕದ ಎಣ್ಮಕಜೆ, ಪಡ್ರೆ ಕಡೆ ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಸುರಿಯುವುದು ನಿಂತದ್ದು 2000ದ ಕೊನೆಗೆ. ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿದ್ದು 2011ರಲ್ಲಿ. ಆ ವಿಷ ತಾಗಿದ ಮನೆಗಳ ಮಕ್ಕಳಿಗೆ ನಾನು ಪಾಠ ಮಾಡಿದ್ದೇನೆ. ಬೇರೆ ಊರಿನವರು ಗುಡ್ಡೆಗೆ ಏನಾದರೂ ಹೊಯ್ದುಕೊಳ್ಳಲಿ, ಕಾಸರಗೋಡಿನವರ ಕೈಯಿಂದ ಅದು ಆಗಬಾರದು. ಇದರಲ್ಲಿ ನಾನು ಅಪ್ಪನ ಹತ್ತಿರವೂ ಜಗಳ ಮಾಡಿದ್ದೇನೆ. ಹಟ್ಟಿಯ ಮರಕ್ಕೆ ಬಳಿಯುವುದನ್ನು ಅವರು ಇನ್ನೂ ಬಿಟ್ಟಿಲ್ಲ.

ದಾರಿ ಕಷ್ಟದ್ದೇನಲ್ಲ. ಹೊಸ ಆಯಿಲ್ ಬಂದ ಕ್ಯಾನಿಗೇ ಹಳೆಯದನ್ನು ತುಂಬಿ ಮುಚ್ಚಳ ಬಿಗಿಯಬೇಕು. ಹಳೆ ಫಿಲ್ಟರನ್ನು ಒಂದು ರಾತ್ರಿ ಕವುಚಿ ಇಟ್ಟು ಸೋರಲು ಬಿಡಬೇಕು. ಎರಡನ್ನೂ ಇಚ್ಚನ ವರ್ಕ್‌ಶಾಪಿಗೆ ಕೊಟ್ಟು ಬರುತ್ತೇನೆ. ಅಲ್ಲಿ ಒಂದು ಬ್ಯಾರೆಲ್ ಉಂಟು, ತುಂಬಿದಾಗ ಆಯಿಲ್ ಖರೀದಿ ಮಾಡುವವರು ಬಂದು ಒಯ್ಯುತ್ತಾರೆ. ಕಳೆದ ಸಲ ಕ್ಯಾನ್ ಕೊಟ್ಟಾಗ ಇಚ್ಚ ಮುಚ್ಚಳ ತೆಗೆದು ಮೂಸಿ, "ಈ ಸಲ ಇಂಜಿನಿದ್ದೇ" ಅಂದರು.

ಬರುವ ಆದಿತ್ಯವಾರ ಬೈಲಿನ ಇಬ್ಬರು ಅವರವರ ಗಾಡಿ ತರುತ್ತಾರೆ, ಅವರಿಗೂ ಕಲಿಯಬೇಕಂತೆ. ರ‍್ಯಾಂಪ್, ಬೋಗುಣಿ, ಸ್ಪ್ಯಾನರ್ ನನ್ನ ಹತ್ತಿರ ಉಂಟು. ಹಳೆ ಆಯಿಲಿಗೆ ಕ್ಯಾನ್ ಅವರೇ ತರಬೇಕು, ತಾರದಿದ್ದರೆ ಬೋಲ್ಟಿಗೆ ಕೈ ಹಾಕಲು ಬಿಡುವುದಿಲ್ಲ. ಬೇರೆ ಯಾರಾದರೂ ಬರುವುದಿದ್ದರೆ ಎಂಟು ಗಂಟೆಯ ಒಳಗೆ ಬನ್ನಿ. ಹತ್ತಕ್ಕೆ ಅಪ್ಪ ಅಂಗಳಕ್ಕೆ ಅಡಕೆ ತರುತ್ತಾರೆ.