ಒಂದೇ ಸ್ಪ್ರಿಂಗ್, ಎರಡು ಕೆಲಸ
ಬ್ರೌನಿಂಗ್ 1900 ಪಿಸ್ತೂಲಿನ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ ಸರ್. ಆದರೆ 1914ರಲ್ಲಿ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್ ಹತ್ಯೆಗೆ ಬಳಸಿದ್ದು ಬ್ರೌನಿಂಗ್ 1900 ಎಂದು ಬರೆದಿದ್ದೀರಿ. ನಿಜವಾಗಿ ಬಳಸಿದ್ದು ಬ್ರೌನಿಂಗ್‌ನ 1910ರ ಮಾದರಿ. ಈ ತಪ್ಪು ತುಂಬಾ ಕಡೆ ಕಾಣುತ್ತದೆ, ದಯವಿಟ್ಟು ತಿದ್ದಿ. 1900ರ ಪಿಸ್ತೂಲು ಬಳಕೆಯಾಗಿದ್ದು ಬೇರೆ ಎರಡು ಘಟನೆಗಳಲ್ಲಿ: 1904ರಲ್ಲಿ ಹೆಲ್ಸಿಂಕಿಯಲ್ಲಿ ಫಿನ್ಲೆಂಡಿನ ರಷ್ಯನ್ ಗವರ್ನರ್ ಜನರಲ್ ಬೊಬ್ರಿಕೊವ್ ಹತ್ಯೆ, 1909ರಲ್ಲಿ ಚೀನಾದ ಹಾರ್ಬಿನ್ ರೈಲು ನಿಲ್ದಾಣದಲ್ಲಿ ಜಪಾನಿನ ಮಾಜಿ ಪ್ರಧಾನಿ ಇಟೊ ಹಿರೊಬುಮಿ ಹತ್ಯೆ.

ಲೇಖನದಲ್ಲಿ 1900ರ ಪಿಸ್ತೂಲಿನ ಒಳಗಿನ ರಚನೆಯ ಬಗ್ಗೆ ಒಂದೇ ಸಾಲು ಇರುವುದು ನನಗೆ ಬೇಜಾರು. ಅಸಲಿ ಸೊಗಸು ಇರುವುದೇ ಅಲ್ಲಿ ಅಲ್ವಾ? ನಳಿಗೆ ಚೌಕಟ್ಟಿಗೆ ಗಟ್ಟಿಯಾಗಿ ಕೂತಿರುತ್ತದೆ, ಅಲುಗಾಡುವುದಿಲ್ಲ. ಅದರ ಮೇಲೆ ಇನ್ನೊಂದು ಕೊಳವೆ, ಅದರೊಳಗೆ ಸ್ಪ್ರಿಂಗ್. ನೋಡಿದವರಿಗೆ ಎರಡು ನಳಿಗೆ ಇದ್ದಂತೆ ಕಾಣುತ್ತದೆ. ಗುಂಡು ಹಾರಿದಾಗ ಹಿಂದೆ ಸರಿದ ಸ್ಲೈಡನ್ನು (ಪಿಸ್ತೂಲಿನ ಮೇಲ್ಭಾಗದ ಜಾರುವ ಭಾಗ) ಮುಂದಕ್ಕೆ ತರುವುದು ಈ ಸ್ಪ್ರಿಂಗೇ. ಒಂದು ಸಣ್ಣ ಸನ್ನೆಕೋಲಿನ ಮೂಲಕ, ತೋಟಾಕ್ಕೆ ಬಡಿದು ಗುಂಡು ಹಾರಿಸುವ ಫೈರಿಂಗ್ ಪಿನ್ನನ್ನು ಮುಂದಕ್ಕೆ ಚಿಮ್ಮಿಸುವುದೂ ಇದೇ. ಬೇರೆ ಸ್ಪ್ರಿಂಗ್ ಬೇಕಿಲ್ಲ. ಗುಂಡು ಹಾರುವಾಗ ಸ್ಲೈಡನ್ನು ನಳಿಗೆಗೆ ಬಿಗಿದಿಡುವ ಬೀಗದ ವ್ಯವಸ್ಥೆಯೂ ಇಲ್ಲ. 7.65 ಮಿ.ಮೀ. ತೋಟಾದ ಶಕ್ತಿ ಕಡಿಮೆ, ಹಾಗಾಗಿ ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿತವೇ ಸಾಕಾಗುತ್ತದೆ. ಮ್ಯಾಗಜೀನಿನಲ್ಲಿ 7 ತೋಟಾ. ಇಷ್ಟಾಗಿಯೂ ಕೋಟಿನ ಜೇಬಿಗೆ ಹಿಡಿಸುವಷ್ಟು ಚಪ್ಪಟೆ.

ಇದನ್ನು ರೂಪಿಸಿದ ಜಾನ್ ಬ್ರೌನಿಂಗ್ ಅಮೆರಿಕದವರಾದರೂ ಇದು ತಯಾರಾಗಿದ್ದು ಬೆಲ್ಜಿಯಂನ ಹೆರ್ಸ್ಟಾಲಿನ ಎಫ್‌ಎನ್ (ಫ್ಯಾಬ್ರಿಕ್ ನ್ಯಾಷನಲ್) ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ. 1910ರ ಮಾದರಿಯಲ್ಲಿ ಅವರು ಸ್ಪ್ರಿಂಗನ್ನು ನಳಿಗೆಯ ಸುತ್ತಲೇ ಸುತ್ತಿಬಿಟ್ಟರು. ಮೇಲಿನ ಕೊಳವೆ ಹೋಯಿತು, ಪಿಸ್ತೂಲು ಇನ್ನೂ ನುಣುಪಾಯಿತು. ಎರಡರ ಚಿತ್ರವನ್ನೂ ಪಕ್ಕಪಕ್ಕ ಹಾಕಿದರೆ ಓದುಗರಿಗೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.