ಹಳೇ ಕಾಲ್ಗೆಜ್ಜೆ ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಅಕ್ಕನ ಮಗಳ ಮದುವೆ ಗೊತ್ತಾಗಿದೆ. ಕಾಲುಂಗುರ ಮಾಡಿಸಲು ಹೋದ ವಾರ ತುಮಕೂರಿನ ಚಿಕ್ಕಪೇಟೆಯಲ್ಲಿರುವ ನಮ್ಮ ಆಚಾರಿ ಹತ್ತಿರ ಹೋಗಿದ್ದೆ. ನಮ್ಮಮ್ಮನ ಕಾಲುಂಗುರ ಮಾಡಿದ್ದು ಅವರ ತಂದೆ. ಮೊದಲಾದರೆ ಹೋದ ಕೂಡಲೇ ಅಳತೆ ದಾರ ಕೇಳುತ್ತಿದ್ದರು. ಈ ಸಲ ದಾರ ಮುಟ್ಟಲಿಲ್ಲ. "ಮೊದಲು ಇವತ್ತಿನ ರೇಟು ಹೇಳಿಬಿಡ್ತೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ" ಅಂದರು. ನನಗೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು. ಬೆಳ್ಳಿಗೆ ರೇಟು ಕೇಳಿ ಅಳತೆ ಕೊಡುವ ಅಭ್ಯಾಸ ನಮ್ಮ ಕಡೆ ಇರಲೇ ಇಲ್ಲ. ಅದೆಲ್ಲ ಚಿನ್ನಕ್ಕೆ.

2025ರ ಜನವರಿಯಲ್ಲಿ ಬೆಳ್ಳಿ ಕೆ.ಜಿ.ಗೆ 90 ಸಾವಿರದ ಆಸುಪಾಸು ಇತ್ತು. ಅದೇ ಡಿಸೆಂಬರಿಗೆ 2 ಲಕ್ಷ ದಾಟಿತು. 2026ರ ಜನವರಿಯಲ್ಲಿ 3 ಲಕ್ಷವನ್ನೂ ದಾಟಿ, ತಿಂಗಳ ಕೊನೆಗೆ ದಿಢೀರನೆ ಬಿತ್ತು. ಕಡಿಮೆ ಅಂತ 2 ಲಕ್ಷದ ಲೆಕ್ಕವನ್ನೇ ಹಿಡಿಯಿರಿ. 100 ಗ್ರಾಂ ಕಾಲ್ಗೆಜ್ಜೆಗೆ ಬೆಳ್ಳಿಗೇ 9 ಸಾವಿರ ಆಗುತ್ತಿದ್ದದ್ದು 20 ಸಾವಿರ ಆಗುತ್ತೆ. ಅದರ ಮೇಲೆ ಮಜೂರಿ, ಜಿಎಸ್‌ಟಿ ಬೇರೆ. ಮಧುಗಿರಿ, ಶಿರಾ ಕಡೆ ಶೇಂಗಾ ಬೆಳೆಯುವ ಮನೆಯಲ್ಲಿ ಮಗಳಿಗೆ ಇಷ್ಟು ಹೊಂದಿಸುವುದು ಹೇಗೆ ಹೇಳಿ?

"ಬೆಳ್ಳಿ ಏರಿದರೆ ಆಚಾರಿಗಳಿಗೆ ಲಾಭ ಅಲ್ವಾ" ಅಂತ ತುಂಬಾ ಜನ ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅವತ್ತು ಅವರ ಪಕ್ಕ ಎರಡು ಗಂಟೆ ಕೂತ ಮೇಲೆ ಗೊತ್ತಾಯಿತು, ಅದು ದೊಡ್ಡ ತಪ್ಪು.

ಮೂಸೆಯಲ್ಲಿ ಬೆಳ್ಳಿ ಹಾಕಿ, ಚಿಟಿಕೆ ಬಿಳಿಗಾರ ಉದುರಿಸಿ ಕಾಯಿಸಿದರು. ಕರಗಿದ್ದನ್ನು ಅಚ್ಚಿಗೆ ಹೊಯ್ದು, ಕಡ್ಡಿ ಮಾಡಿ, ತಟ್ಟಿ, ಕಂಬಚ್ಚಿನ ತೂತುಗಳಲ್ಲಿ ಒಂದಾದ ಮೇಲೊಂದು ಎಳೆದು ತಂತಿ ಮಾಡಿದರು. ಅರ ಹಾಕುವಾಗ ತೊಡೆ ಮೇಲೆ ಒಂದು ಬಟ್ಟೆ ಹಾಸಿಕೊಂಡಿದ್ದರು. ಪುಡಿ ಅದರ ಮೇಲೆ ಬೀಳುತ್ತೆ. ಕೆಲಸ ಮುಗಿದ ಮೇಲೆ ಬಟ್ಟೆಯನ್ನು ನಾಲ್ಕೂ ಮೂಲೆ ಹಿಡಿದು ಎತ್ತಿ, ಒಂದು ಡಬ್ಬಿಗೆ ಕೊಡವಿದರು. ಆಮೇಲೆ ಬೆರಳ ಸಂದಿಯಲ್ಲಿ ಅಂಟಿದ್ದನ್ನೂ ಸಣ್ಣ ಬ್ರಷ್ಷಿನಲ್ಲಿ ಉಜ್ಜಿ ಅದೇ ಡಬ್ಬಿಗೆ ಹಾಕಿದರು. ಕೊನೆಗೆ ಅಂಟುವಾಳದ ನೀರಲ್ಲಿ ತೊಳೆದಾಗ ಕಾಲುಂಗುರ ಬೆಳ್ಳಗೆ ಬಂತು.

ಎಷ್ಟೇ ಜೋಪಾನ ಮಾಡಿದರೂ ಕರಗಿಸುವಾಗ, ಅರ ಹಾಕುವಾಗ ಸ್ವಲ್ಪ ಹೋಗೇ ಹೋಗುತ್ತೆ. 10 ಗ್ರಾಂ ಹೋದರೆ ಮೊದಲು 900 ರೂಪಾಯಿ, 2 ಲಕ್ಷದ ಲೆಕ್ಕದಲ್ಲಿ 2 ಸಾವಿರ. ಮಜೂರಿ ಮಾತ್ರ ಎರಡರಷ್ಟು ಆಗಿಲ್ಲ. "ಬೆಳ್ಳಿನೇ ಇಷ್ಟು ಆಯ್ತಲ್ಲ, ಮಜೂರಿ ಬಿಡಿ" ಅಂತ ಗಿರಾಕಿಗಳೇ ಚೌಕಾಸಿ ಮಾಡುತ್ತಾರಂತೆ. ಮೊದಲಿದ್ದ ಬಂಡವಾಳದಲ್ಲಿ ಈಗ ಅರ್ಧ ಬೆಳ್ಳಿಯೂ ಸಿಗಲ್ಲ. ಹಾಗಾಗಿ ಮಾಡಿಟ್ಟು ಮಾರುವುದನ್ನೇ ಬಿಟ್ಟಿದ್ದಾರೆ.

ನನಗೆ ಎಲ್ಲಕ್ಕಿಂತ ಬೇಸರ ಆಗಿದ್ದು ಸಾಲದ ವಿಷಯಕ್ಕೆ. ನಮ್ಮ ಕಡೆ ಬೆಳ್ಳಿ ಅಂದರೆ ನಂಬಿಕೆ ಮೇಲೆ ನಡೆಯುತ್ತಿದ್ದ ವ್ಯವಹಾರ. ಮಗುವಿಗೆ ಉಡಿದಾರ, ಮದುವೆಗೆ ಕಾಲುಂಗುರ, ಲಿಂಗ ಕಟ್ಟಿಕೊಳ್ಳುವವರಿಗೆ ಕರಡಿಗೆ, ಇವೆಲ್ಲ ದಿನ ನೋಡಿ ಬರುವ ಖರ್ಚುಗಳಲ್ಲ. "ತಗೊಂಡು ಹೋಗಿ, ರಾಗಿ ಬಂದ ಮೇಲೆ ಕೊಡಿ" ಅನ್ನುತ್ತಿದ್ದರು. ತಿಪಟೂರು ಕಡೆಯವರಾದರೆ ಕೊಬ್ಬರಿ ಮಾರಿದ ಮೇಲೆ. ಈಗ ಹಾಗೆ ಕೊಟ್ಟರೆ, ದುಡ್ಡು ಬರುವಷ್ಟರಲ್ಲಿ ಅಷ್ಟೇ ಬೆಳ್ಳಿ ವಾಪಸ್ ಕೊಳ್ಳೋಕಾಗಲ್ಲ. ಅವರು ಇಲ್ಲ ಅನ್ನಲೇಬೇಕು. ತಲೆಮಾರಿನಿಂದ ಬರುತ್ತಿರುವ ಮನೆಯವರಿಗೆ ಇಲ್ಲ ಅನ್ನೋದು ಅವರಿಗೆ ಎಷ್ಟು ಕಷ್ಟ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು.

ಯಾಕೆ ಏರಿತು ಅನ್ನೋದಕ್ಕೆ ಒಂದು ಕಾರಣ ನಮ್ಮ ಜಿಲ್ಲೆಯಲ್ಲೇ ಕಣ್ಣಿಗೆ ಕಾಣುತ್ತೆ. ಪಾವಗಡದ ತಿರುಮಣಿ ಕಡೆ ಹೋಗಿ ನೋಡಿ. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಸೋಲಾರ್ ಪ್ಯಾನೆಲ್ ಮೇಲೆ ಕೂದಲೆಳೆಯಂಥ ಬಿಳಿ ಗೆರೆಗಳು ಇರುತ್ತವಲ್ಲ, ಅವು ಬೆಳ್ಳಿ. ಕರೆಂಟು ಹರಿಯೋಕೆ ಅದರಷ್ಟು ಒಳ್ಳೆ ಲೋಹ ಬೇರೆ ಇಲ್ಲ. ಒಂದು ಪ್ಯಾನೆಲ್‌ಗೆ ಕೆಲವೇ ಗ್ರಾಂ ಸಾಕು, ಆದರೆ ಪ್ರಪಂಚದ ತುಂಬಾ ಕೋಟಿಗಟ್ಟಲೆ ಪ್ಯಾನೆಲ್ ಹಾಕುತ್ತಿದ್ದಾರೆ. ಎಲೆಕ್ಟ್ರಿಕ್ ಗಾಡಿಗೆ, ಮೊಬೈಲಿಗೆ ಕೂಡ ಬೇಕು. ಈಗ ಅರ್ಧಕ್ಕಿಂತ ಜಾಸ್ತಿ ಬೆಳ್ಳಿ ಕಾರ್ಖಾನೆಗಳಿಗೇ ಹೋಗುತ್ತೆ. ಬೇಡಿಕೆ ಬಂತು ಅಂತ ಗಣಿಯಿಂದ ಜಾಸ್ತಿ ತೆಗೆಯೋಣ ಅಂದರೂ ಸುಲಭ ಇಲ್ಲ. ಹೆಚ್ಚಿನ ಬೆಳ್ಳಿ ಸಿಗೋದು ಸೀಸ, ಸತು, ತಾಮ್ರ ತೆಗೆಯುವಾಗ ಅದರ ಜೊತೆಗೆ. ಇದರ ಮೇಲೆ, ರೇಟು ಏರುತ್ತೆ ಅಂತ ಬೆಳ್ಳಿ ಗಟ್ಟಿ ಕೊಂಡು ಇಡುವವರು ಬೇರೆ. ಸೋಲಾರ್ ಬೇಡ ಅಂತ ನಾನು ಹೇಳಲ್ಲ. ಆ ಪಾರ್ಕಿನ ಪಕ್ಕದ ಊರಿನ ಹೆಣ್ಣುಮಕ್ಕಳ ಕಾಲಿಗೆ ಗೆಜ್ಜೆ ಇಲ್ಲದ ಹಾಗಾಗುತ್ತಲ್ಲ, ಅದು ನನಗೆ ಸಹಿಸೋಕಾಗಲ್ಲ.

ಕೊಳ್ಳುವವರಿಗೆ ಒಂದು ಮಾತು. ರೇಟು ಬಂದಿದೆ ಅಂತ ಹಳೇ ಬೆಳ್ಳಿಯನ್ನು ಆತುರದಲ್ಲಿ ಕೊಡಬೇಡಿ. ನಾನು ಮೂರು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ನಮ್ಮಮ್ಮನ ಗೆಜ್ಜೆ ಕೊಟ್ಟೆ. ಕಲ್ಲಿಗೆ ಒಮ್ಮೆ ಉಜ್ಜಿ "ಬೆಸುಗೆ ಜಾಸ್ತಿ, 60 ಟಚ್" ಅಂದರು, ಅಂದರೆ ನೂರಕ್ಕೆ 60 ಭಾಗ ಮಾತ್ರ ಬೆಳ್ಳಿ. ಸುಮ್ನೆ ಒಪ್ಪಿಕೊಂಡೆ. ಆಮೇಲೆ ಅದರ ಜೊತೆಗೇ ಮಾಡಿಸಿದ್ದ ಚಿಕ್ಕಮ್ಮನ ಗೆಜ್ಜೆಯನ್ನು ಆಚಾರಿ ನಮ್ಮ ಮುಂದೆಯೇ ಕರಗಿಸಿ ನೋಡಿದರೆ 80 ಬಂತು. ದುಡ್ಡಿಗಿಂತ ಅಮ್ಮನ ಗೆಜ್ಜೆ ಹೋಯಿತಲ್ಲ ಅಂತ ಇವತ್ತಿಗೂ ಸಂಕಟ ಆಗುತ್ತೆ.

ನಿಮ್ಮ ಕಣ್ಣೆದುರಿಗೇ ಕರಗಿಸಲು ಹೇಳಿ. ಹೊಸದು ಕೊಳ್ಳುವಾಗ ಹಾಲ್‌ಮಾರ್ಕ್ ಕೇಳಿ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಎಚ್‌ಯುಐಡಿ ನಂಬರ್ (ಒಂದೊಂದು ಒಡವೆಗೂ ಬೇರೆ ಬೇರೆ ಇರುವ ಗುರುತಿನ ನಂಬರ್) ಇರುವ ಹಾಲ್‌ಮಾರ್ಕ್ ಬಂದಿದೆ. ಕಡ್ಡಾಯ ಮಾಡಿಲ್ಲ, ಹಾಗಾಗಿ ಕೇಳಿದವರಿಗೆ ಮಾತ್ರ ಸಿಗುತ್ತೆ. ತೀರಾ ಕಷ್ಟ ಬಂದರೆ ಮಾರುವ ಬದಲು ಅಡವಿಡುವ ದಾರಿಯೂ ಇದೆ. ಬೆಳ್ಳಿ ಒಡವೆ ಮೇಲಿನ ಸಾಲಕ್ಕೂ ಆರ್‌ಬಿಐ ನಿಯಮ ಮಾಡಿದೆ, ಗಟ್ಟಿಗೆ ಮಾತ್ರ ಸಾಲ ಇಲ್ಲ.

ತೂಕ ಕಡಿಮೆ ಮಾಡಿಸಿ, ಪರವಾಗಿಲ್ಲ. ಮಜೂರಿಗೆ ಚೌಕಾಸಿ ಮಾಡಬೇಡಿ, ಕೈಮುಗಿದು ಕೇಳುತ್ತೇನೆ. ನಾವು ಕಾಲುಂಗುರದ ತೂಕ ಇಳಿಸಿದೆವು. ಮಜೂರಿ ಅವರು ಕೇಳಿದ್ದಕ್ಕಿಂತ ಇನ್ನೂರು ಜಾಸ್ತಿ ಕೊಟ್ಟೆ, ಬೇಡ ಅಂದರೂ ಮೇಜಿನ ಮೇಲಿಟ್ಟು ಬಂದೆ. ಅವರ ಮಗ ಈ ಕೆಲಸಕ್ಕೆ ಬಂದಿಲ್ಲ, ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡುತ್ತಾನೆ.

ಗುಬ್ಬಿ, ಕುಣಿಗಲ್, ಕೊರಟಗೆರೆ, ಶಿರಾ, ಯಾವ ಊರಾದರೂ ಸರಿ, ಕೈಯಲ್ಲಿ ಬೆಳ್ಳಿ ಕೆಲಸ ಮಾಡುವ ಆಚಾರಿ ಇನ್ನೂ ಇದ್ದರೆ, ಅವರನ್ನು ಕೇಳಿಕೊಂಡು ಊರು, ಬೀದಿ ಕಾಮೆಂಟಿನಲ್ಲಿ ಹಾಕಿ. ಮದುವೆ ಸೀಸನ್ ಬರ್ತಿದೆ, ಹುಡುಕುವವರಿಗೆ ಸಿಗಲಿ.